ಕೈಗೆ ಸಿಗದ ಯಂತ್ರದ ಪರೀಕ್ಷೆ

ಶ್ರೀರಾಂಪುರದಲ್ಲಿ ಮೆಟ್ರೋ ರೈಲನ್ನೇರಿದರೆ ಏಳನೆಯ ನಿಲ್ದಾಣ ಪೀಣ್ಯ. ಭಾರತದ ಮೊದಲ ಉಪಗ್ರಹವಾದ ‘ಆರ್ಯಭಟ’ ರೂಪುಗೊಂಡುದು ಅಲ್ಲಿಯ ತಗಡಿನ ಷೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರ ನೇತೃತ್ವದಲ್ಲಿ. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟು ಅದನ್ನು ಮೇಲಕ್ಕೊಯ್ದಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ವಿದ್ಯುತ್ ಸರಬರಾಜು ಕೆಟ್ಟು, ಒಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಪೀಣ್ಯದಲ್ಲಿದ್ದಾಗ ನಾಲ್ಕು ತಿರುಪುಗಳನ್ನು ಬಿಚ್ಚಿ ನೋಡಬಹುದಾಗಿದ್ದ ಭಾಗವನ್ನು ಆಮೇಲೆ ಮುಟ್ಟುವವರಾರು?

ಉಪಗ್ರಹವನ್ನು ನೆಲದ ಮೇಲೆ ಅಷ್ಟೊಂದು ಗೋಳುಹೊಯ್ದುಕೊಳ್ಳುವುದು ಇದಕ್ಕಾಗಿಯೇ. ಈಗ ಉಪಗ್ರಹಗಳು ಬಹಳ ಚಿಕ್ಕವಾಗಿವೆ. ಕರ್ನಾಟಕ ಮತ್ತು ಆಂಧ್ರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಿರ್ಮಿಸಿದ, ೨೦೧೦ರ ಜುಲೈ ೧೨ರಂದು ಕಕ್ಷೆಗೇರಿದ ‘ಸ್ಟುಡ್‌ಸ್ಯಾಟ್’ ಒಂದು ಕಿಲೋಗ್ರಾಮಿಗಿಂತಲೂ ಹಗುರ. ಆದರೆ ಗಾತ್ರ ಕುಗ್ಗಿದಷ್ಟು ತೊಂದರೆ ಕುಗ್ಗುವುದಿಲ್ಲ. ಹಣ ಕಡಿಮೆ, ಕಾಲ ಕಡಿಮೆ. ಗಣಕದ ಆದೇಶಗಳನ್ನು ಬರೆದ ವಿದ್ಯಾರ್ಥಿ, ಉಪಗ್ರಹ ಮೇಲೇರುವ ಹೊತ್ತಿಗೆ ಪದವಿ ಪಡೆದು ಬೇರೆ ಊರು ಸೇರಿರುವುದೂ ಉಂಟು.

ಪೆಟ್ಟಿಗೆಯನ್ನು ಕುಲುಕಿ, ನಿರ್ವಾತದಲ್ಲಿ ಕಾಯಿಸಿ ತಣಿಸಿ ನೋಡುವುದು ಸುಲಭದ ಭಾಗ. ಕಷ್ಟವಿರುವುದು ತಂತ್ರಾಂಶದಲ್ಲಿ. ಭಾಗಗಳನ್ನೆಲ್ಲ ಮೇಜಿನ ಮೇಲೆ ಹರಡಿ, ತಂತಿಗಳಿಂದ ಜೋಡಿಸಿ, ಒಳಗಿನ ಗಣಕಕ್ಕೆ ಸುಳ್ಳು ಸೂರ್ಯನನ್ನೂ ಸುಳ್ಳು ಕಕ್ಷೆಯನ್ನೂ ಒದಗಿಸುವರು. ಪಾಪ, ಅದು ತಾನು ಆಕಾಶದಲ್ಲಿಯೇ ಇರುವೆನೆಂದು ನಂಬಿ ನಡೆಯುತ್ತದೆ! ಭೂಕೇಂದ್ರದವರಿಗೂ ತಾಲೀಮು ತಪ್ಪದು. ಕೆಳಕಕ್ಷೆಯ ಉಪಗ್ರಹ ಒಂದು ಸಲಕ್ಕೆ ಹತ್ತು ನಿಮಿಷದಷ್ಟು ಮಾತ್ರ ಮಾತಿಗೆ ಸಿಗುತ್ತದೆ. ಅಷ್ಟರಲ್ಲಿ ಆದೇಶ ಕೊಟ್ಟು ಉತ್ತರ ಪಡೆಯಬೇಕು.

ಇಷ್ಟೆಲ್ಲ ಮಾಡಿದರೂ ಕೇಳಬೇಕಾದ ಪ್ರಶ್ನೆಗಳು ಎರಡು. ದರ್ಜಿಯ ಅಂಗಡಿಯಲ್ಲಿ ಚೀಟಿಯ ಅಳತೆಯಂತೆ ಅಂಗಿಯನ್ನು ಹೊಲಿದಿದೆಯೆ ಎಂದು ಟೇಪು ಹಿಡಿದು ನೋಡುವುದೊಂದು. ಹುಡುಗನಿಗೆ ತೊಡಿಸಿ ನೋಡುವುದು ಇನ್ನೊಂದು. ಚೀಟಿಯೇ ಹೋದ ವರ್ಷದ್ದಾದರೆ ದರ್ಜಿಯ ತಪ್ಪೇನೂ ಇಲ್ಲ, ಗುಂಡಿ ಮಾತ್ರ ಹಾಕಲಾಗದು.

೨೦೨೨ರ ಆಗಸ್ಟ್ ೭ರಂದು ಶ್ರೀಹರಿಕೋಟೆಯಲ್ಲಿ ನಡೆದುದು ಈ ಎರಡನೆಯ ಬಗೆಯದು. ಚಿಕ್ಕ ಉಪಗ್ರಹಗಳಿಗೆಂದೇ ರಚಿಸಿದ ಎಸ್‌ಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟವದು. ಎರಡನೆಯ ಹಂತ ಕಳಚಿದಾಗ ಕ್ಷಣಕಾಲ ಕಂಪನವುಂಟಾಯಿತು; ಅದು ನೆಲದ ಪರೀಕ್ಷೆಯಲ್ಲಿ ಕಂಡುದಕ್ಕಿಂತ ಬಲವಾಗಿತ್ತು. ವೇಗವರ್ಧನೆಯನ್ನು ಅಳೆಯುವ ಆರು ಸಂವೇದಕಗಳೂ ಆ ಅಬ್ಬರಕ್ಕೆ ಮಿತಿಮೀರಿ ನಿಂತುವು. ಸಂವೇದಕಗಳು ಕೆಟ್ಟಿರಲಿಲ್ಲ. ಆದರೆ ದೋಷವನ್ನು ಪತ್ತೆಹಚ್ಚುವ ತಂತ್ರಾಂಶ, ತನಗೆ ಕಲಿಸಿದ್ದಂತೆಯೇ, ಅವೆಲ್ಲವೂ ಕೆಟ್ಟಿವೆಯೆಂದು ತೀರ್ಪಿತ್ತು ಆಪತ್ಕಾಲದ ಕ್ರಮಕ್ಕೆ ಇಳಿಯಿತು. ಬಿಟ್ಟಲ್ಲಿ ಬಂದ ನಷ್ಟವೆಷ್ಟು? ಸೆಕೆಂಡಿಗೆ ೭,೬೯೩ ಮೀಟರ್ ವೇಗ ಬೇಕಾದಲ್ಲಿ ೫೬ ಮೀಟರ್ ಸಾಲದೆ ಹೋಯಿತು. ನೂರರಲ್ಲಿ ಒಂದು ಪಾಲೂ ಅಲ್ಲ. ೩೫೬ ಕಿಲೋಮೀಟರ್ ಎತ್ತರದ ದುಂಡು ಕಕ್ಷೆಯ ಬದಲು, ಒಂದು ತುದಿ ೭೬ ಕಿಲೋಮೀಟರಿಗಿಳಿದ ಕಕ್ಷೆ ಲಭಿಸಿತು. ಅಲ್ಲಿ ವಾಯುಮಂಡಲ ಯಾವುದನ್ನೂ ಉಳಿಯಗೊಡದು.

ಆ ರಾಕೆಟ್ಟಿನಲ್ಲಿದ್ದ ಎರಡು ಉಪಗ್ರಹಗಳಲ್ಲಿ ‘ಆಜಾದಿಸ್ಯಾಟ್’ ಎಂಬುದೊಂದು. ದೇಶದ ನಾನಾ ಕಡೆಯ ಸರಕಾರಿ ಶಾಲೆಗಳ ೭೫೦ ಹುಡುಗಿಯರು ಕೈಹಚ್ಚಿ ಸಿದ್ಧಪಡಿಸಿದ ೭೫ ಪುಟ್ಟ ಉಪಕರಣಗಳು ಎಂಟು ಕಿಲೋಗ್ರಾಮಿನ ಆ ಪೆಟ್ಟಿಗೆಯಲ್ಲಿದ್ದುವು. ಅವರ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ. ಹೀಗಿದ್ದೂ ಅದು ಸುಟ್ಟುಹೋಗುವುದನ್ನು ನೋಡಬೇಕಾಯಿತು.

ತನಿಖೆ ನಡೆಯಿತು, ಇಸ್ರೋ ಕಾರಣಗಳನ್ನು ಮುಚ್ಚಿಡದೆ ಪ್ರಕಟಿಸಿದುದು ಮೆಚ್ಚತಕ್ಕ ವಿಷಯ. ಕಡಿಮೆ ಆಘಾತವುಂಟುಮಾಡುವ ಕಳಚು-ವ್ಯವಸ್ಥೆಯನ್ನು ಅಳವಡಿಸಿದರು. ದೋಷವನ್ನು ತೀರ್ಮಾನಿಸುವ ತರ್ಕವನ್ನು ಬದಲಿಸಿದರು. ಸಂವೇದಕಗಳು ಕೈಕೊಟ್ಟರೆ ‘ನಾವಿಕ್’ ಉಪಗ್ರಹಗಳ ಸಂಜ್ಞೆಯಿಂದ ದಾರಿ ಹಿಡಿಯುವ ಏರ್ಪಾಡನ್ನೂ ಮಾಡಿದರು. ೨೦೨೩ರ ಫೆಬ್ರವರಿ ೧೦ರಂದು ಎರಡನೆಯ ರಾಕೆಟ್ಟು ಮೂರು ಉಪಗ್ರಹಗಳನ್ನು ೪೫೦ ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಸರಿಯಾಗಿ ಇರಿಸಿತು. ಅವುಗಳಲ್ಲೊಂದು ಆ ಹುಡುಗಿಯರದೇ, ‘ಆಜಾದಿಸ್ಯಾಟ್-೨’.