‘ನಾಳೆ ಬನ್ನಿ’ ಅನ್ನುವ ಮೆಕ್ಯಾನಿಕ್ ಕೆಟ್ಟವನಲ್ಲ

ಮದುವೆಗೆ ಹೊರಟಿದ್ದ ಬೊಲೆರೊ ಅದು. ನಮ್ಮ ಗುಂಪಿನವರೊಬ್ಬರ ಚಿಕ್ಕಪ್ಪನ ಗಾಡಿ. ವಾರದಲ್ಲಿ ನಾಲ್ಕು ದಿನ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರು ಮಂಡಿಗೆ ಹೋಗುತ್ತದೆ, ಉಳಿದ ದಿನ ಜನರನ್ನು ಸಾಗಿಸುತ್ತದೆ. ಮದುವೆಯ ಹಿಂದಿನ ದಿನ ಎಡಗಡೆ ಮುಂಭಾಗ ಕುಸಿದು ಕೂತಿತ್ತು. ನೋಡಿದರೆ ಕಾಯಿಲ್ ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದಿತ್ತು.

ಹೆದ್ದಾರಿ ಬದಿಯ ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು. ಮೇಸ್ತ್ರಿ ನೋಡಿ, “ನಾಳೆ ಬನ್ನಿ ಅಣ್ಣ, ಎರಡೂ ಕಡೆ ಸ್ಪ್ರಿಂಗ್ ತರಿಸಿ ನಿಧಾನಕ್ಕೆ ಹಾಕ್ಕೊಡ್ತೀನಿ” ಅಂದರು. ನಾವು ಬಿಡಲಿಲ್ಲ. “ರಾತ್ರಿಗೆ ಹೆಣ್ಣಿನ ಮನೆ ಸೇರ್ಕೋಬೇಕು, ಇವತ್ತೇ ಆಗ್ಲೇಬೇಕು” ಅಂತ ತಲೆ ಮೇಲೆ ಕೂತೆವು. ಕೂಲಿ ಎಂಟುನೂರು ಹೇಳಿದ್ದನ್ನು ಐನೂರಕ್ಕೆ ಇಳಿಸಿದ್ದೂ ನಾವೇ.

ಆಮೇಲೆ ಆದದ್ದು ಇಷ್ಟು. ಟ್ರಾಲಿ ಜಾಕ್ ಇನ್ನೊಂದು ಗಾಡಿಯ ಕೆಳಗೆ ಸಿಕ್ಕಿಕೊಂಡಿತ್ತು. ಅವಸರಕ್ಕೆ ಮಣ್ಣಿನ ನೆಲದ ಮೇಲೆ ಬಾಟಲ್ ಜಾಕ್ ಇಟ್ಟು ಕೆಳಗಿನ ಆರ್ಮ್ ಎತ್ತಿ ಹಿಡಿದರು. ಸ್ಪ್ರಿಂಗಿಗೆ ಚೈನ್ ಕಟ್ಟಲಿಲ್ಲ. ಬಾಲ್ ಜಾಯಿಂಟಿನ ನಟ್ಟು ಪೂರ್ತಿ ಬಿಚ್ಚಿದರು. ಎದುರಿಗೆ ಕೂತಿದ್ದ ಹೆಲ್ಪರ್ ಹುಡುಗ ಸುತ್ತಿಗೆ ತರಲು ಎದ್ದು ಎರಡು ಹೆಜ್ಜೆ ಹೋಗಿದ್ದ, ಅಷ್ಟರಲ್ಲಿ ಜಾಕ್ ವಾಲಿತು. ದಢಾರ್ ಅಂತ ಸದ್ದು. ಸ್ಪ್ರಿಂಗ್ ಹಾರಿ ಹಿಂದಿನ ತಗಡಿಗೆ ಬಡಿದು ಅದನ್ನು ಒಳಕ್ಕೆ ಗುಳಿ ಮಾಡಿ ಬಿತ್ತು. ಹುಡುಗ ಅಲ್ಲೇ ಕೂತಿದ್ದರೆ ಅದು ಬಡಿಯುತ್ತಿದ್ದದ್ದು ಅವನ ಎದೆಗೋ ಮುಖಕ್ಕೋ.

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿ ತಮ್ಮ ಎಡಗೈ ತೋರಿಸಿದರು. ಎರಡು ಬೆರಳು ಮೊಟಕು. “ಇದೂ ಇಂಥದ್ದೇ ಒಂದು ಅರ್ಜೆಂಟು ಕೆಲಸದಲ್ಲಿ ಹೋಗಿದ್ದು ಕಣಣ್ಣ” ಅಂದರು.

ನಾವು ಈ ಲೇಖನ ಬರೆಯುತ್ತಿರುವುದು ಆ ಮೇಸ್ತ್ರಿಯನ್ನು ಬಯ್ಯುವುದಕ್ಕಲ್ಲ. ತಪ್ಪಿನಲ್ಲಿ ಅರ್ಧ ಪಾಲು ನಮ್ಮದು. ಹಳ್ಳಿ ಗ್ಯಾರೇಜುಗಳ ಅಪಘಾತದ ಮಾತು ಬಂದಾಗ ಎಲ್ಲರೂ ಮೆಕ್ಯಾನಿಕ್‌ನ ಅಜಾಗರೂಕತೆ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಗಾಡಿ ಮಾಲೀಕರ ಅವಸರ, ಚೌಕಾಸಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸ್ಪ್ರಿಂಗಿಗೆ ಯಾಕಿಷ್ಟು ಹೆದರಬೇಕು?

ದೊಡ್ಡ ಲಾರಿಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಕಮಾನು ಪ್ಲೇಟು. ಹಳೆಯ ಟಾಟಾ ಏಸ್ ಗಾಡಿಗೂ ಅದೇ. ಆದರೆ ಬೊಲೆರೊ ಜೀಪು, ಇಸುಜು ಡಿ-ಮ್ಯಾಕ್ಸ್ ಪಿಕಪ್, ಮಾರುತಿ ಓಮ್ನಿ, ಸೂಪರ್ ಕ್ಯಾರಿ ಇಂಥವುಗಳ ಮುಂದೆ ಇರುವುದು ಕಾಯಿಲ್ ಸ್ಪ್ರಿಂಗ್. ಊರಲ್ಲಿ ಇಂಥ ಗಾಡಿಗಳು ಹೆಚ್ಚಿದಂತೆ ಈ ಕೆಲಸವೂ ಹೆಚ್ಚಿದೆ. ಪ್ಲೇಟು ಬಿಚ್ಚಿ ಕೈ ಪಳಗಿದವರು ಅದೇ ಧೈರ್ಯದಲ್ಲಿ ಕಾಯಿಲಿಗೂ ಕೈ ಹಾಕುತ್ತಾರೆ. ಎರಡೂ ಒಂದೇ ಅಲ್ಲ.

ಗಾಡಿ ಎತ್ತಿ ಗಾಲಿ ನೇತಾಡುವಾಗಲೂ ಕಾಯಿಲ್ ಸ್ಪ್ರಿಂಗ್ ಪೂರ್ತಿ ಬಿಡುಗಡೆ ಆಗಿರುವುದಿಲ್ಲ. ಆರ್ಮ್ ಮತ್ತು ಚಾಸಿಗಳ ನಡುವೆ ಅದುಮಿಕೊಂಡೇ ಇರುತ್ತದೆ. ಒಂದು ಅಂದಾಜು ಲೆಕ್ಕ ನೋಡಿ. 800 ಕೆ.ಜಿ. ಭಾರ ಹೊತ್ತು 15 ಸೆಂಟಿಮೀಟರ್ ಕುಗ್ಗಿರುವ ಸ್ಪ್ರಿಂಗಿನಲ್ಲಿ ಸುಮಾರು 600 ಜೌಲ್ ಶಕ್ತಿ ಸೇರಿಕೊಂಡಿರುತ್ತದೆ. 50 ಕೆ.ಜಿ.ಯ ಸಿಮೆಂಟ್ ಮೂಟೆ ನಾಲ್ಕು ಅಡಿ ಮೇಲಿಂದ ಕಾಲ ಮೇಲೆ ಬಿದ್ದರೆ ಎಷ್ಟೋ ಅಷ್ಟು. ಮೂಟೆ ಬೀಳುವುದಾದರೂ ಕಣ್ಣಿಗೆ ಕಾಣುತ್ತದೆ. ಸ್ಪ್ರಿಂಗ್ ಕಣ್ಣು ಮಿಟುಕಿಸುವುದರೊಳಗೆ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಅದಕ್ಕೆ ಮುಂಚೆ ಒಂದು ಕಿರಿಕ್ ಸದ್ದೂ ಮಾಡುವುದಿಲ್ಲ.

ಸರಿಯಾಗಿ ಮಾಡುವುದು ಹೇಗೆ?

ಅದೇ ಗ್ಯಾರೇಜಿನಲ್ಲಿ ಅದೇ ಸಂಜೆ ಎರಡನೇ ಸಲ ಕೆಲಸ ಆದದ್ದನ್ನು ನಾವು ನಿಂತು ನೋಡಿದೆವು. ಗಾಡಿ ಗಾಡಿಗೂ ಕ್ರಮದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಕಂಪನಿಯ ಸರ್ವಿಸ್ ಪುಸ್ತಕ ಹೇಳಿದ್ದೇ ಕೊನೆ ಮಾತು. ಆದರೆ ಮೂಲ ವಿಷಯಗಳು ಬದಲಾಗುವುದಿಲ್ಲ. ಗ್ಯಾರೇಜಿನವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಗಾಡಿ ಮಾಲೀಕರೂ ತಿಳಿದಿರಬೇಕಾದವು ಇವು.

ಮೊದಲು ನೆಲ. ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು. ಗಾಡಿ ಎತ್ತಿದ ಮೇಲೆ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಬೇಕು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹಾಲೋ ಬ್ಲಾಕು, ಸೈಜುಗಲ್ಲು, ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದು ನಮ್ಮಲ್ಲಿ ಮಾಮೂಲು. ಹಾಲೋ ಬ್ಲಾಕು ಒಡೆಯುವ ಮುಂಚೆ ಹೇಳಿ ಒಡೆಯುವುದಿಲ್ಲ.

ಆಮೇಲೆ ಗಾಲಿ, ಶಾಕ್ ಅಬ್ಸಾರ್ಬರ್, ಸ್ಟೆಬಿಲೈಸರ್ ಲಿಂಕ್ ಬಿಚ್ಚುತ್ತಾರೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಎಷ್ಟೋ ಗಾಡಿಗಳಲ್ಲಿ ಆರ್ಮ್ ಇನ್ನೂ ಕೆಳಗೆ ಇಳಿಯದಂತೆ ಹಿಡಿದಿರುವುದೇ ಶಾಕ್ ಅಬ್ಸಾರ್ಬರ್. ಆದ್ದರಿಂದ ಅದನ್ನು ಬಿಚ್ಚುವ ಮೊದಲೇ ಕೆಳಗಿನ ಆರ್ಮಿಗೆ, ಬಾಲ್ ಜಾಯಿಂಟಿಗೆ ಹತ್ತಿರವಾಗಿ, ಟ್ರಾಲಿ ಜಾಕ್ ಕೊಟ್ಟಿರಬೇಕು. ಬ್ರೇಕ್ ಕ್ಯಾಲಿಪರನ್ನು ಹೋಸ್ ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಬೇಕು.

ಇನ್ನು ಚೈನು. ಸ್ಪ್ರಿಂಗಿನ ಸುತ್ತುಗಳ ಒಳಗಿಂದ ತೂರಿಸಿ ಚಾಸಿಗೆ ಸುತ್ತಿ ಬೋಲ್ಟ್ ಹಾಕಿದ ಗಟ್ಟಿ ಚೈನು. ಸ್ಪ್ರಿಂಗ್ ಜಾರಿದರೂ ಹಾರಿ ಹೋಗದಂತೆ ಅದು ಹಿಡಿಯುತ್ತದೆ. ನೈಲಾನ್ ಹಗ್ಗ ಸಾಲದು. ಇದಕ್ಕೆ ಹಿಡಿಯುವುದು ಐದು ನಿಮಿಷ.

ಬಾಲ್ ಜಾಯಿಂಟಿನ ನಟ್ಟು ಒಂದೇ ಸಲ ಪೂರ್ತಿ ಬಿಚ್ಚಬಾರದು. ನಾಲ್ಕೈದು ಸುತ್ತು ಸಡಿಲ ಮಾಡಿ, ಥ್ರೆಡ್ಡಿನಲ್ಲೇ ಉಳಿಸಿ, ಜಾಯಿಂಟನ್ನು ಬಿಡಿಸಬೇಕು. ಜಾಯಿಂಟ್ ಟಕ್ ಅಂತ ಬಿಟ್ಟರೂ ಆ ನಟ್ಟು ಹಿಡಿದುಕೊಳ್ಳುತ್ತದೆ. ಆಮೇಲೆ ಭಾರವೆಲ್ಲ ಜಾಕಿನ ಮೇಲೆ ಬಂದದ್ದನ್ನು ನೋಡಿಕೊಂಡು ನಟ್ಟು ತೆಗೆದು, ಜಾಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸಬೇಕು. ಈ ಹೊತ್ತಿನಲ್ಲಿ ಸ್ಪ್ರಿಂಗಿನ ಎದುರಿಗೆ ಯಾರೂ ಇರಬಾರದು. ಬೆರಳು ಸುತ್ತುಗಳ ನಡುವೆ ಹೋಗಬಾರದು. ಹಾರೆ ಹಾಕಿ ಮೀಟಿ ಎಬ್ಬಿಸುವುದಂತೂ ಬೇಡವೇ ಬೇಡ.

ಹೊಸದನ್ನು ಕೂರಿಸುವಾಗ ಅಪಾಯ ಇನ್ನೂ ಹೆಚ್ಚು. ಬಿಚ್ಚುವಾಗ ಶಕ್ತಿ ಕಡಿಮೆಯಾಗುತ್ತ ಹೋಗುತ್ತದೆ, ಕೂರಿಸುವಾಗ ಏರುತ್ತ ಹೋಗುತ್ತದೆ. ಮೇಲಿನ ರಬ್ಬರ್ ಪ್ಯಾಡ್ ಸರಿಯಾಗಿರಬೇಕು. ಸ್ಪ್ರಿಂಗಿನ ಕೆಳತುದಿ ಆರ್ಮಿನಲ್ಲಿರುವ ಗುಳಿಯಲ್ಲೇ ಕೂರಬೇಕು. ಅರ್ಧ ಇಂಚು ಆಚೀಚೆ ಆದರೂ ಜಾಕ್ ಎತ್ತುತ್ತಿದ್ದಂತೆ ಸ್ಪ್ರಿಂಗ್ ಬಿಲ್ಲಿನಂತೆ ಬಾಗುತ್ತದೆ. ಬಾಗಿತೆಂದರೆ ನಿಲ್ಲಿಸಿ, ಇಳಿಸಿ, ಮೊದಲಿಂದ ಶುರು ಮಾಡಬೇಕು. ಒಂದು ಕಣ್ಣು ಸ್ಟ್ಯಾಂಡಿನ ಮೇಲಿರಲಿ. ಜಾಕ್ ಎತ್ತುವಾಗ ಗಾಡಿಯೇ ಸ್ಟ್ಯಾಂಡಿನಿಂದ ಮೇಲೇಳುತ್ತಿದ್ದರೆ ಸ್ಪ್ರಿಂಗನ್ನು ಅದುಮುವಷ್ಟು ಭಾರ ಮುಂದೆ ಇಲ್ಲ ಎಂದರ್ಥ. ಎಂಜಿನ್ ಇಳಿಸಿಟ್ಟು ಇಡೀ ಗಾಡಿ ಕೆಲಸ ಮಾಡುವಾಗ ಹೀಗೇ ಆಗುತ್ತದೆ. ಆಗ ನಾಲ್ಕು ಜನರನ್ನು ಬಾನೆಟ್ ಮೇಲೆ ಕೂರಿಸುವುದು ಪರಿಹಾರವಲ್ಲ. ಸ್ಪ್ರಿಂಗ್ ಕಂಪ್ರೆಸರ್ ತರಬೇಕು, ಇಲ್ಲವೇ ಎಂಜಿನ್ ಕೂತ ಮೇಲೆ ಆ ಕೆಲಸ ಮಾಡಬೇಕು.

ಕೊನೆಗೆ ನಟ್ಟನ್ನು ಹೇಳಿದಷ್ಟೇ ಬಿಗಿ ಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು, ಹಳೆಯದನ್ನು ನೆಟ್ಟಗೆ ಮಾಡಿ ಹಾಕಬಾರದು. ಆರ್ಮಿನ ಬುಷ್ ಬೋಲ್ಟುಗಳನ್ನು ಗಾಡಿ ಗಾಲಿ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು. ನೇತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಸ್ಪ್ರಿಂಗ್ ಯಾವಾಗಲೂ ಜೊತೆಯಲ್ಲೇ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಓಮ್ನಿ, ಸೂಪರ್ ಕ್ಯಾರಿಗಳದ್ದು ಬೇರೆ ಕಥೆ. ಅಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಒಂದೇ ಸ್ಟ್ರಟ್. ಮೇಲ್ಗಡೆ ಸುತ್ತಲಿನ ನಟ್ಟುಗಳು ಸ್ಟ್ರಟ್ಟನ್ನು ಬಾಡಿಗೆ ಹಿಡಿದಿರುತ್ತವೆ, ನಡುವಿನ ದೊಡ್ಡ ನಟ್ಟು ಸ್ಪ್ರಿಂಗನ್ನೇ ಹಿಡಿದಿರುತ್ತದೆ. ಆ ನಡುವಿನ ನಟ್ಟನ್ನು ಕಂಪ್ರೆಸರ್ ಹಾಕದೆ ಬಿಚ್ಚಿದರೆ ಅದು ನೇರ ಮುಖಕ್ಕೇ ಬರುತ್ತದೆ. ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಇದಕ್ಕೆರಡು ಸುತ್ತು ಅದಕ್ಕೆರಡು ಸುತ್ತು ಅಂತ ಕೈ ಪಾನಾದಲ್ಲೇ ಬಿಗಿಯಬೇಕು. ಸ್ಪ್ರಿಂಗ್ ತನ್ನ ತಟ್ಟೆಯಿಂದ ಸಡಿಲವಾಗಿ ಅಲುಗಾಡಿದ ಮೇಲಷ್ಟೇ ನಟ್ಟಿಗೆ ಕೈ ಹಾಕಬೇಕು.

‘ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದೀವಿ’

ಈ ಮಾತನ್ನು ನಾವು ಗ್ಯಾರೇಜು ಗ್ಯಾರೇಜಿನಲ್ಲೂ ಕೇಳಿದ್ದೇವೆ. ಅದರಲ್ಲಿ ಸುಳ್ಳಿಲ್ಲ. ಪುಸ್ತಕ ನೋಡದೆ, ಸದ್ದು ಕೇಳಿಯೇ ರೋಗ ಹೇಳುವ ಕೈಗಳು ಅವು. ನಮಗೆ ಆ ವಿದ್ಯೆ ಇಲ್ಲ. ಆದರೆ ಇಪ್ಪತ್ತು ವರ್ಷದ ಅನುಭವ ಇರುವುದು ಮೇಸ್ತ್ರಿಗೆ, ಸ್ಪ್ರಿಂಗಿನ ಎದುರು ಕೂರುವ ಹುಡುಗನಿಗಲ್ಲ. ಅವನು ಬಂದು ಆರು ತಿಂಗಳಾಗಿರುತ್ತದೆ. ಕನ್ನಡಕ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಹುಡುಗರಾದರೂ, ಕಲಿಯುವ ತನಕ ಇಂಥ ಕೆಲಸದಲ್ಲಿ ದೂರ ನಿಂತು ನೋಡಲಿ.

“ಸಾಮಾನು ಎಲ್ಲಿಂದ ತರೋಣ?” ಅನ್ನುವುದು ಎರಡನೇ ಮಾತು. ಇದು ನ್ಯಾಯವಾದ ಪ್ರಶ್ನೆ. ಆದರೆ ಕೊಕ್ಕೆಯ ಸಾಧಾರಣ ಕಂಪ್ರೆಸರ್ ಒಂದು ಜೊತೆಗೆ ಬೊಲೆರೊದ ಒಂದು ಹೊಸ ಟೈರಿನಷ್ಟು ಬೆಲೆ ಇಲ್ಲ. ತಿಂಗಳಿಗೊಂದು ಸ್ಪ್ರಿಂಗ್ ಕೆಲಸ ಬರುವ ಗ್ಯಾರೇಜಿಗೆ ಅದೂ ಹೊರೆಯೇ ಇರಬಹುದು. ರೈತರಿಗೆ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರದಿಂದ ಟ್ರ್ಯಾಕ್ಟರು, ಟಿಲ್ಲರು ಬಾಡಿಗೆಗೆ ಸಿಗುತ್ತವೆ. ಹಾಗೆಯೇ ಹೋಬಳಿಯ ನಾಲ್ಕೈದು ಗ್ಯಾರೇಜಿನವರು ಸೇರಿ ಒಂದು ಜೊತೆ ಕಂಪ್ರೆಸರು, ನಾಲ್ಕು ಸ್ಟ್ಯಾಂಡು, ಒಂದು ಟಾರ್ಕ್ ಪಾನಾ ಇಟ್ಟುಕೊಂಡು ಹಂಚಿಕೊಳ್ಳಬಹುದು. ಹತ್ತಿರದ ಐಟಿಐನವರು ವರ್ಷಕ್ಕೊಮ್ಮೆ ಹಳ್ಳಿ ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿ ಕೊಡಲಿ. ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ.

ಇನ್ನೊಂದು ಮಾತು ವಿಮೆಯದ್ದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಬ್ಯಾಂಕಿನಲ್ಲೇ ಮಾಡಿಸಬಹುದು. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ, ಒಂದು ಕಣ್ಣೋ ಒಂದು ಕೈಯೋ ಪೂರ್ತಿ ಹೋದರೆ 1 ಲಕ್ಷ. ಆ ಮೇಸ್ತ್ರಿಗೂ ಹುಡುಗನಿಗೂ ಇದು ಇರಲಿಲ್ಲ. ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರಿಗಾಗಿ ರಾಜ್ಯದಲ್ಲಿ 2024ರ ಕಾಯ್ದೆಯೂ ಇದೆ. ನೋಂದಣಿ ಬಗ್ಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಗಾಡಿ ಮಾಲೀಕರಿಗೆ ನಮ್ಮ ಮಾತು

ಸ್ಪ್ರಿಂಗ್ ಸುಮ್ಮನೆ ಮುರಿಯುವುದಿಲ್ಲ. ಮಿತಿ ಮೀರಿ ಹೇರುವುದು ನಾವು. ಕುಸಿದ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿ ಇನ್ನೊಂದು ವರ್ಷ ಓಡಿಸುವುದೂ ನಾವೇ. ಮುರಿದದ್ದಕ್ಕೆ ವೆಲ್ಡಿಂಗ್ ಮಾಡಿಸುವವರಿದ್ದಾರೆ, ಎತ್ತರ ತಗ್ಗಿಸಲು ಗ್ಯಾಸ್ ಹಾಕಿ ಸುತ್ತು ಕತ್ತರಿಸುವವರಿದ್ದಾರೆ. ಬೆಂಕಿ ತಾಗಿದ ಸ್ಪ್ರಿಂಗಿನ ಹದ ಕೆಡುತ್ತದೆ, ಅದು ರಸ್ತೆಯಲ್ಲೇ ಕೈ ಕೊಡುತ್ತದೆ. ಓವರ್‌ಲೋಡಿಗೆ ಈಗ ಕಾನೂನಿನಲ್ಲಿ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಇದೆ. ಒಂದು ಜೊತೆ ಹೊಸ ಸ್ಪ್ರಿಂಗಿನ ಖರ್ಚಿಗಿಂತ ಅದು ಕಡಿಮೆಯೇನಲ್ಲ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಗಾಡಿ ಗ್ಯಾರೇಜಿಗೆ ಬಿಟ್ಟಾಗ “ಸ್ಟ್ಯಾಂಡ್ ಇದೆಯಾ ಅಣ್ಣ? ಚೈನ್ ಕಟ್ಟಿದೀರಾ?” ಅಂತ ಕೇಳಿ. ಹುಡುಗ ಸ್ಪ್ರಿಂಗಿನ ಎದುರು ಕೂತಿದ್ದರೆ ಎಬ್ಬಿಸಿ. ಸ್ಟ್ಯಾಂಡು, ಕಂಪ್ರೆಸರು ಇಟ್ಟುಕೊಂಡವರು ಇನ್ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡಿ. “ನಾಳೆ ಬನ್ನಿ” ಅಂದರೆ ಮರುಮಾತಾಡದೆ ನಾಳೆ ಹೋಗಿ.

ಆ ರಾತ್ರಿ ನಾವು ಮದುವೆಗೆ ಬಸ್ಸಿನಲ್ಲಿ ಹೋದೆವು. ತಲುಪಿದಾಗ ಊಟದ ಪಂಕ್ತಿ ಇನ್ನೂ ನಡೆದಿತ್ತು, ನಾವು ಬೊಲೆರೊದಲ್ಲಿ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ. ಗಾಡಿ ಮಾರನೇ ದಿನ ಮಧ್ಯಾಹ್ನ ಸಿಕ್ಕಿತು. ಕೂಲಿ ಎಂಟುನೂರೇ ಕೊಟ್ಟೆವು.