ಚೆನ್ನಾಗಿದೆ ಎಂದರೆ ಸಾಕೇ?

ಕೆಲವು ವರ್ಷಗಳ ಹಿಂದೆ ತಿಪಟೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳು ತೆಗೆದ ಛಾಯಾಚಿತ್ರಗಳ ಪ್ರದರ್ಶನ ಏರ್ಪಟ್ಟಿತ್ತು. ಪ್ರದರ್ಶನವೆಂದರೆ ದೊಡ್ಡ ಏರ್ಪಾಡೇನೂ ಅಲ್ಲ. ಕೊಠಡಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಚಿತ್ರಗಳನ್ನು ತೂಗುಹಾಕಿದ್ದರು. ಬಹುಪಾಲು ಮನೆಯವರ ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರಗಳು. ಅವುಗಳ ನಡುವೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಚಿತ್ರವಿತ್ತು. ಅವನ ತಾತ ಮನೆಯ ಜಗುಲಿಯ ಮೇಲೆ ಕಂಬಕ್ಕೊರಗಿ ಕುಳಿತು ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಿದ್ದಾರೆ. ಅವರ ಹಿಂದೆ ಬಿಸಿಲು ತುಂಬಿದ ಅಂಗಳ.

ನೋಡಲು ಬಂದವರಲ್ಲಿ ಹತ್ತು ಮಂದಿ "ಚೆನ್ನಾಗಿದೆ" ಎಂದು ಹೇಳಿ ಮುಂದಿನ ಚಿತ್ರಕ್ಕೆ ಸರಿದರು. ಒಬ್ಬ ಹಿರಿಯರು ಮಾತ್ರ ನಿಂತು, "ಮುಖವೇ ಕಪ್ಪಾಗಿದೆಯಲ್ಲಯ್ಯಾ, ಇದೇನು ಚಿತ್ರ!" ಎಂದರು. ಹುಡುಗ ತಲೆ ತಗ್ಗಿಸಿದ. ಅತಿಥಿಯಾಗಿ ಅಲ್ಲಿಗೆ ಹೋಗಿದ್ದ ನಾನು ಇದನ್ನೆಲ್ಲ ನೋಡುತ್ತಿದ್ದೆ. ಹತ್ತು ಹೊಗಳಿಕೆ, ಒಂದು ತೆಗಳಿಕೆ. ಈ ಹನ್ನೊಂದು ಮಾತುಗಳಲ್ಲಿ ಆ ಹುಡುಗ ಮನೆಗೆ ಕೊಂಡೊಯ್ಯಬಹುದಾದ ಮಾತು ಒಂದೂ ಇರಲಿಲ್ಲ.

ತಾನು ಮಾಡಿದುದರ ತಪ್ಪು ತನಗೆ ಕಾಣುವುದಿಲ್ಲ ಎಂಬುದು ಬಹಳ ಹಳೆಯ ಅನುಭವ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಇದಕ್ಕೆ ಸೊಗಸಾದ ಹೋಲಿಕೆಯೊಂದನ್ನು ಕೊಟ್ಟಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಕವಿಯೂ ತನ್ನ ಕೃತಿಯ ದೋಷವನ್ನು ಹಾಗೆಯೇ ಕಾಣಲಾರ. ಆದುದರಿಂದ ಅದನ್ನು ಬೇರೆಯವರಿಗೆ ತೋರಿಸಬೇಕು ಎಂಬುದು ಅದರ ಅಭಿಪ್ರಾಯ. ಕಾವ್ಯವನ್ನು ಕುರಿತ ಈ ಮಾತು ಛಾಯಾಚಿತ್ರಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆಂದು ನನಗೆ ತೋರುತ್ತದೆ. ಚಿತ್ರ ತೆಗೆದವನು ತನ್ನ ಚಿತ್ರವನ್ನು ನೋಡುವಾಗ ಕಾಗದದ ಮೇಲಿರುವುದನ್ನಷ್ಟೇ ನೋಡುವುದಿಲ್ಲ. ಆ ಹೊತ್ತಿನ ಗಾಳಿ, ತಾತ ಆಡಿದ ಮಾತು, ನಾರಿನ ವಾಸನೆ, ಅವರ ಮೇಲಿನ ಪ್ರೀತಿ ಎಲ್ಲವನ್ನೂ ನೆನಪಿನಿಂದ ಸೇರಿಸಿಕೊಂಡು ನೋಡುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇದಕ್ಕೂ ಸಲ್ಲುತ್ತದೆ. ಆದರೆ ನೋಡುವ ಇತರರಿಗೆ ದೊರೆಯುವುದು ಕಾಗದದ ಮೇಲಿನ ನೆರಳು ಬೆಳಕು ಮಾತ್ರ. ಇವೆರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ಇನ್ನೊಬ್ಬರ ಕಣ್ಣೇ ತಿಳಿಸಬೇಕು.

ತಿಳಿಸುವ ರೀತಿ ತಪ್ಪಿದರೆ ಆಗುವ ನಷ್ಟವನ್ನು ನಾನು ಅನುಭವಿಸಿ ಬಲ್ಲೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಸೋದರಮಾವ ತಮ್ಮ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ವಾರದ ಮಟ್ಟಿಗೆ ನನಗೆ ಕೊಟ್ಟಿದ್ದರು. ಒಂದು ಸುರುಳಿ ಫಿಲಮಿನಲ್ಲಿ 12 ಚಿತ್ರಗಳು. ಒಂದೊಂದನ್ನೂ ಲೆಕ್ಕ ಹಾಕಿ ತೆಗೆಯಬೇಕು. ಊರಿನ ಸಂತೆಯಲ್ಲಿ ಬಳೆಗಾರನೊಬ್ಬ ಪುಟ್ಟ ಹುಡುಗಿಯ ಕೈಗೆ ಬಳೆ ತೊಡಿಸುತ್ತಿದ್ದುದನ್ನು ಬಹಳ ಹೊತ್ತು ಕಾದು ತೆಗೆದೆ. ಅಚ್ಚು ಹಾಕಿಸಿ ತಂದ ದಿನ ಮನೆಗೆ ಬಂದಿದ್ದ ನೆಂಟರೊಬ್ಬರು, ಕ್ಯಾಮೆರಾ ವಿದ್ಯೆ ಬಲ್ಲವರು, ಚಿತ್ರವನ್ನು ಕೈಗೆತ್ತಿಕೊಂಡು, "ನೆಲ ವಾರೆಯಾಗಿದೆ, ಅಂಚಿನಲ್ಲಿ ಅರ್ಧ ಮನುಷ್ಯ ನಿಂತಿದ್ದಾನೆ. ಫಿಲಂ ದಂಡ" ಎಂದು ಹಿಂದಕ್ಕೆ ಕೊಟ್ಟರು. ಅವರು ಹೇಳಿದುದರಲ್ಲಿ ಸುಳ್ಳಿರಲಿಲ್ಲ. ನೆಲ ವಾರೆಯಾಗಿಯೇ ಇತ್ತು. ಆದರೆ ಅದು ಏಕೆ ವಾರೆಯಾಯಿತು, ಮುಂದಿನ ಸಲ ಏನು ಮಾಡಬೇಕು ಎಂಬುದನ್ನು ಅವರು ಹೇಳಲಿಲ್ಲ. ಬಳೆಗಾರನ ಬೆರಳುಗಳನ್ನು ಅವರು ನೋಡಿದಂತೆಯೂ ಕಾಣಲಿಲ್ಲ. ಆಮೇಲೆ ಅನೇಕ ವರ್ಷ ನಾನು ಯಾರಲ್ಲಿಯೂ ಕ್ಯಾಮೆರಾ ಕೇಳಲಿಲ್ಲ.

ಹಾಗಾದರೆ ಹೊಗಳುವುದು ಲೇಸೆನ್ನೋಣವೇ? ಅದರಲ್ಲಿಯೂ ನಾನು ತಪ್ಪಿತಸ್ಥನೇ. ಅಧ್ಯಾಪಕನಾದ ಮೇಲೆ ಒಬ್ಬ ವಿದ್ಯಾರ್ಥಿ ಜಾತ್ರೆಯಲ್ಲಿ ತೆಗೆದ ಮೂವತ್ತು ಚಿತ್ರಗಳನ್ನು ನನ್ನ ಮೇಜಿನ ಮೇಲೆ ಹರಡಿದ. ಕೈಯಲ್ಲಿ ಬೇರೆ ಕೆಲಸವಿತ್ತು. "ಎಲ್ಲವೂ ಬಹಳ ಚೆನ್ನಾಗಿವೆ" ಎಂದೆ. "ಎಲ್ಲಕ್ಕಿಂತ ಚೆನ್ನಾಗಿರುವುದು ಯಾವುದು ಸಾರ್?" ಎಂದು ಅವನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ನೋಡಿರಲೇ ಇಲ್ಲ. ಅವನು ಮತ್ತೆಂದೂ ಚಿತ್ರಗಳನ್ನು ತರಲಿಲ್ಲ. ನಮ್ಮ ಜನ ಎದುರಿಗೆ ತಪ್ಪು ಹೇಳಲು ಸಂಕೋಚಪಡುತ್ತಾರೆ. ಇದು ಒಳ್ಳೆಯ ಗುಣವೆಂದೇ ಎಣಿಕೆ. ಆದರೆ ನೋಡದೆ ಆಡುವ ಹೊಗಳಿಕೆ ದಾಕ್ಷಿಣ್ಯವಲ್ಲ, ಸೋಮಾರಿತನ. ತೆಗಳಿದವರು ಚಿತ್ರದ ಮುಂದೆ ಒಂದು ಕ್ಷಣವಾದರೂ ನಿಂತಿರುತ್ತಾರೆ. ಹೀಗೆ ಹೊಗಳಿದವನು ಅಷ್ಟೂ ನಿಂತಿರುವುದಿಲ್ಲ.

ಆ ಶಾಲೆಯ ಚಿತ್ರಕಲಾ ಶಿಕ್ಷಕರು ಅಂದು ಮಾಡಿದುದು ಇವೆರಡಕ್ಕೂ ಬೇರೆಯಾದುದು. ಜನ ಕರಗಿದ ಮೇಲೆ ಅವರು ತಾತನ ಚಿತ್ರವನ್ನು ದಾರದಿಂದ ಇಳಿಸಿ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟರು. ಚಿತ್ರಕಾರರಲ್ಲಿ ಇದು ರೂಢಿಯಲ್ಲಿರುವ ಉಪಾಯ. ತಲೆಕೆಳಗಾದಾಗ ತಾತ, ಜಗುಲಿ ಎಂಬ ಹೆಸರುಗಳು ಮರೆಯಾಗಿ ಬರಿಯ ಆಕಾರಗಳೂ ಬೆಳಕೂ ಉಳಿಯುತ್ತವೆ. ಸ್ವಲ್ಪ ಹೊತ್ತು ನೋಡಿ, "ನನ್ನ ಕಣ್ಣು ಮೊದಲು ಅಂಗಳಕ್ಕೆ ಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಬರಲು ಕಷ್ಟವಾಗುತ್ತದೆ" ಎಂದರು. ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ತಮ್ಮ ಕಣ್ಣಿಗೆ ಏನಾಯಿತು ಎಂಬ ವರದಿ ಅಷ್ಟೆ. ಇದನ್ನು ಕೇಳಿದ ಹುಡುಗ ಮೊದಲ ಬಾರಿಗೆ ತಲೆಯೆತ್ತಿದ. ಆಮೇಲೆ ಅವರು, "ಏನನ್ನು ತೋರಿಸಬೇಕೆಂದು ಇದನ್ನು ತೆಗೆದೆ?" ಎಂದು ಕೇಳಿದರು.

"ತಾತನ ಕೈಗಳನ್ನು, ಸಾರ್. ನಮ್ಮ ಮನೆಯಲ್ಲಿ ದನದ ಕಣ್ಣಿ ಹೊಸೆಯಲು ಅವರೊಬ್ಬರಿಗೇ ಬರುವುದು. ಅಪ್ಪ ಅಂಗಡಿಯಿಂದ ನೈಲಾನ್ ಹಗ್ಗ ತರುತ್ತಾರೆ."

ನಾವು ಯಾರೂ ಇದನ್ನು ಊಹಿಸಿರಲಿಲ್ಲ. ಮುಖ ಕಪ್ಪಾಗಿದೆಯೆಂಬ ಟೀಕೆ ಗುರಿಯನ್ನೇ ತಪ್ಪಿತ್ತು. ಅವನಿಗೆ ಬೇಕಾದುದು ಮುಖವಲ್ಲ. ನಿಜವಾದ ಕೊರತೆಯೆಂದರೆ ಆ ಕೈಗಳು ಚಿತ್ರದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಣ್ಣದಾಗಿದ್ದವು, ಮೇಲಾಗಿ ನೆರಳಿನಲ್ಲಿ ಮುಳುಗಿದ್ದವು. ಶಿಕ್ಷಕರು ಲಂಬಕೋನಕ್ಕೆ ಕತ್ತರಿಸಿದ ಎರಡು ರಟ್ಟಿನ ತುಂಡುಗಳನ್ನು ಚಿತ್ರದ ಮೇಲೆ ಚೌಕಟ್ಟಿನಂತೆ ಇಟ್ಟು, ಅತ್ತಿತ್ತ ಸರಿಸುತ್ತ ಅಂಗಳವನ್ನು ಮುಚ್ಚಿದರು. ಕೈಗಳೂ ನಾರಿನ ಎಳೆಗಳೂ ಉಳಿದವು. ಅನಂತರ ಕಾರಣವನ್ನು ವಿವರಿಸಿದರು. ಕ್ಯಾಮೆರಾಕ್ಕೆ ತಾತ ಯಾರು, ಅಂಗಳ ಯಾವುದು ಎಂಬ ವಿವೇಕವಿಲ್ಲ. ಬಿಸಿಲು ಹೆಚ್ಚಾಗಿ ಕಂಡಾಗ ಅದು ಒಟ್ಟು ಬೆಳಕನ್ನೇ ತಗ್ಗಿಸಿಕೊಳ್ಳುತ್ತದೆ. ಆಗ ನೆರಳಿನಲ್ಲಿರುವುದು ಇನ್ನಷ್ಟು ಕಪ್ಪಾಗುತ್ತದೆ. ಫೋನಿನ ಪರದೆಯಲ್ಲಿ ಕೈಗಳಿರುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಅದು ಆ ಜಾಗಕ್ಕೆ ತಕ್ಕ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಅದಕ್ಕಿಂತಲೂ ಸುಲಭವಾದ ದಾರಿ, ಅಂಗಳಕ್ಕೆ ಇಳಿದು ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಹತ್ತಿರದಿಂದ ತೆಗೆಯುವುದು. "ಬರುವ ಭಾನುವಾರ ತಾತ ಹಗ್ಗ ಹೊಸೆಯುತ್ತಾರೆಯೇ?" ಎಂದು ಕೇಳಿದರು. ಹುಡುಗ ಹೌದೆಂದ.

ವಿಮರ್ಶೆಯ ನಿಯಮಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ವಸ್ತು ನಡುವಿನಲ್ಲಿರಬಾರದು, ಮಸುಕಾಗಬಾರದು, ನೆಲ ಓರೆಯಾಗಬಾರದು ಎಂದು ಕೈಪಿಡಿಗಳು ಹೇಳುತ್ತವೆ. ಕಲಿಯುವವರಿಗೆ ಇವು ಊರುಗೋಲು, ನಿಜ. ಆದರೆ ಊರುಗೋಲನ್ನು ದೊಣ್ಣೆಯಾಗಿ ಬಳಸುವವರೂ ಉಂಟು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಾಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ, ಬೇಲಿಯ ಸಂದಿಯಿಂದ ಒಂದು ಚಿತ್ರ ತೆಗೆದ. ನಿಂತ ನೀರನ್ನು ದಾಟಲು ಜಿಗಿದ ಮನುಷ್ಯ ಗಾಳಿಯಲ್ಲಿದ್ದಾನೆ. ಹಿಮ್ಮಡಿ ಇನ್ನೇನು ನೀರನ್ನು ಮುಟ್ಟಬೇಕು. ಆ ಮನುಷ್ಯ ಮಸುಕಾಗಿದ್ದಾನೆ. ಚಿತ್ರದ ಅಂಚನ್ನು ಕತ್ತರಿಸುವುದು ಕಾರ್ಟಿಯೆ-ಬ್ರೆಸಾನನಿಗೆ ಹಿಡಿಸದ ಕೆಲಸವಾದರೂ ಈ ಒಂದು ಚಿತ್ರದ ಅಂಚನ್ನು ಅವನೂ ಕತ್ತರಿಸಬೇಕಾಯಿತು. ನಿಯಮದ ಪಟ್ಟಿ ಹಿಡಿದು ಕುಳಿತ ತೀರ್ಪುಗಾರ ಇದನ್ನು ಮೊದಲ ಸುತ್ತಿನಲ್ಲಿಯೇ ತೆಗೆದಿಡುತ್ತಿದ್ದನೋ ಏನೋ! ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಅದು ಒಂದು.

ಕಠಿಣವಾಗಿ ಹೇಳಲೇಬೇಕಾದ ಸಂದರ್ಭವೂ ಒಂದುಂಟು. ಹಕ್ಕಿಯ ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಎಲೆಗಳನ್ನು ಕತ್ತರಿಸಿ ಚಿತ್ರ ತೆಗೆಯುವವರಿದ್ದಾರೆ. ಆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಗುರಿಯಾಗುತ್ತವೆ. ಅಂಥ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ಹೊಗಳಬಾರದು. ತೆಗೆದ ರೀತಿಯನ್ನು ಮೊದಲು ಕೇಳಬೇಕು. ಉಳಿದಂತೆ, ಈ ವಿದ್ಯೆ ನಮ್ಮ ನಾಡಿನಲ್ಲಿ ಬೆಳೆದಿರುವುದು ಬಹುಮಟ್ಟಿಗೆ ಹಿರಿಯರು ಕಿರಿಯರ ಪಕ್ಕದಲ್ಲಿ ಕುಳಿತು ಚಿತ್ರ ನೋಡಿದುದರಿಂದಲೇ. ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರಿಗೆ ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರು ಗುರುವಾಗಿದ್ದರು. ಪೆರುಮಾಳರು ತಾವೂ ಮುಂದೆ ಅನೇಕ ಕಿರಿಯರಿಗೆ ಮಾರ್ಗದರ್ಶಕರಾದರು.

ಮುಂದಿನ ವಾರ ಹುಡುಗ ಆರು ಹೊಸ ಚಿತ್ರಗಳೊಡನೆ ನಮ್ಮ ಮನೆಗೆ ಬಂದ. ನಾಲ್ಕರಲ್ಲಿ ಕೈ ಅಲುಗಿತ್ತು. ಐದನೆಯದರಲ್ಲಿ ತಾತ ಕ್ಯಾಮೆರಾದ ಕಡೆ ನೋಡಿ ನಗುತ್ತಿದ್ದರು, ಹಗ್ಗ ಮರೆತಿತ್ತು. ಆರನೆಯದರಲ್ಲಿ ಎರಡು ಅಂಗೈಗಳ ನಡುವೆ ನಾರು ತಿರುಚಿಕೊಳ್ಳುತ್ತಿದ್ದುದು ಎಳೆ ಎಳೆಯಾಗಿ ಕಾಣುತ್ತಿತ್ತು. ಬೆರಳುಗಳ ಬಿರುಕಿನಲ್ಲಿ ಸಿಕ್ಕಿದ್ದ ನಾರಿನ ಪುಡಿಯೂ ಕಾಣುತ್ತಿತ್ತು. ಆದರೂ ಅವನ ತಾಯಿ ಗೋಡೆಗೆ ಹಾಕಿಸಿದ್ದು ಮೊದಲಿನ ಚಿತ್ರವನ್ನಂತೆ, ಅದರಲ್ಲಿ ಜಗುಲಿ ಪೂರ್ತಿ ಬಂದಿದೆಯೆಂದು. ಶಿಕ್ಷಕರೂ ನಾನೂ ಆ ಚಿತ್ರವನ್ನು ನೋಡುವಾಗ ಜಗುಲಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ!

"ಮೇಷ್ಟ್ರೇ, ನೀವು ತೆಗೆದ ಚಿತ್ರ ಒಂದೂ ಇಲ್ಲವೇ?" ಎಂದು ಅವನು ಕೇಳಿದ. ಹಳೆಯ ಪೆಟ್ಟಿಗೆಯಿಂದ ಬಳೆಗಾರನ ಚಿತ್ರವನ್ನು ತೆಗೆದುಕೊಟ್ಟೆ. ಅವನು ಅದನ್ನು ತಲೆಕೆಳಗಾಗಿ ಹಿಡಿದು ನೋಡಿದ. ನೇರ ಮಾಡಿಯೂ ನೋಡಿದ.

"ನನ್ನ ಕಣ್ಣು ಮೊದಲು ಬಳೆಗಾರನ ಬೆರಳಿಗೆ ಹೋಯಿತು. ಆಮೇಲೆ ಅಂಚಿನ ಅರ್ಧ ಮನುಷ್ಯನ ಕಡೆಗೆ. ಅವರು ಯಾರು?"

"ಆ ಹುಡುಗಿಯ ತಂದೆ."

"ಹಾಗಾದರೆ ಅವರ ಮುಖವೂ ಬೇಕಿತ್ತು. ನೀವು ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕಿತ್ತು, ಮೇಷ್ಟ್ರೇ."

"ಹಿಂದೆ ಮಂಡಕ್ಕಿಯ ರಾಶಿಯಿತ್ತಪ್ಪಾ" ಎಂದೆ.

ಹುಡುಗ ನಕ್ಕ. ಮತ್ತೊಮ್ಮೆ ಚಿತ್ರವನ್ನು ಬೆಳಕಿಗೆ ಹಿಡಿದು, ಬಳೆಗಾರನ ಎಡಗಡೆಯ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿ, "ಇಲ್ಲಿ ನಿಲ್ಲಬಹುದಿತ್ತು" ಎಂದ.