ಸಿದ್ಧ ತಾಳಕ್ಕಿಂತ ಹುಡುಗರ ಗದ್ದಲವೇ ಮೇಲು

2025ರ ಜುಲೈ 22ರಂದು ಇಂಗ್ಲೆಂಡಿನ ಗಾಯಕ ಓಜಿ ಆಸ್ಬೋರ್ನ್ ನಿಧನ ಹೊಂದಿದರು. ಅದಕ್ಕೆ ಕೇವಲ ಹದಿನೇಳು ದಿನಗಳ ಮುನ್ನ, ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದೆ, ತಮ್ಮ ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನ ಕ್ರೀಡಾಂಗಣವೊಂದರಲ್ಲಿ ಕುಳಿತೇ ಹಾಡಿ ಅಭಿಮಾನಿಗಳನ್ನು ಬೀಳ್ಕೊಟ್ಟಿದ್ದರು. ಆ ದಿನಗಳಲ್ಲಿ ನನ್ನ ಮೊಬೈಲಿಗೆ ಬಂದ ಸಂದೇಶವೊಂದು, ಸೈತಾನನ ಗಾಯಕನೊಬ್ಬ ಕಡಿಮೆಯಾದನೆಂದು ಸಂತಸಪಟ್ಟಿತ್ತು. ಮೃತರಿಗಾಗಿ ಪ್ರಾರ್ಥಿಸಬೇಕೆಂದು ಕಲಿತ ನಾವು ಯಾರದೇ ಸಾವಿಗೆ ಹಿಗ್ಗುವುದು ತರವಲ್ಲ. ಅದು ಹಾಗಿರಲಿ, ಸಂದೇಶ ಕಳುಹಿಸಿದ ಭಕ್ತಾದಿಗಳಿಗೆ ತಮ್ಮ ಧರ್ಮಗುರು ಸುಮಾರು ನಲವತ್ತು ವರ್ಷಗಳಿಂದ ಆ ಸಂಗೀತದ ಅಭಿಮಾನಿ ಎಂಬುದು ತಿಳಿದಿರಲಾರದು.

ರಜೆಗೆ ಊರಿಗೆ ಬಂದ ಬಂಧುಗಳು ತರುತ್ತಿದ್ದ ಕ್ಯಾಸೆಟ್ಟುಗಳೇ ನಮಗೆ ಈ ಸಂಗೀತದ ಮೊದಲ ಪಾಠಶಾಲೆ. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿ, ಪುನಃ ಪುನಃ ಕೇಳುತ್ತಿದ್ದೆವು. ಒಂದೇ ಕ್ಯಾಸೆಟ್ಟು ಇದ್ದುದರಿಂದ ಅದರ ಎರಡೂ ಬದಿಗಳು ಬಾಯಿಪಾಠವಾಗಿದ್ದವು. ಹೆವಿ ಮೆಟಲ್ ಎಂದು ಕರೆಯಲಾಗುವ ಈ ಪ್ರಕಾರದ ಹುಟ್ಟಿನ ಕಥೆ ತಿಳಿದುದು ಎಷ್ಟೋ ಕಾಲದ ಅನಂತರ. ಓಜಿಯವರ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿ ತಗಡಿನ ಕಾರ್ಖಾನೆಯ ಕಾರ್ಮಿಕ. ಹದಿನೇಳರ ಪ್ರಾಯದಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯಿಂದ ಮೀಟುವ ಅವರಿಗೆ ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮುಂದೆ ಒತ್ತಲು ಸುಲಭವಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದರು. ಜಗತ್ತು ಭಯಪಟ್ಟ ಆ ಗಡಸು ನಾದಕ್ಕೆ ಗಾಯಗೊಂಡ ಕಾರ್ಮಿಕನೊಬ್ಬನ ಹಟವೂ ಒಂದು ಕಾರಣ. ಅದೇ ತಂಡದ ಬಹುಪಾಲು ಹಾಡುಗಳನ್ನು ಬರೆದ ಗೀಜರ್ ಬಟ್ಲರ್ ಐರಿಶ್ ಕಥೋಲಿಕ ಮನೆಯ ಮಗ.

ಹಾಗೆಂದು ಎಲ್ಲವನ್ನೂ ಸಮರ್ಥಿಸಲಾರೆ. 1990ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ಇದೇ ಸಂಗೀತದ ಒಂದು ಕವಲಿಗೆ ಸೇರಿದ ಕೆಲವರು ಚರ್ಚುಗಳಿಗೆ ಬೆಂಕಿಯಿಟ್ಟು ಶಿಕ್ಷೆ ಅನುಭವಿಸಿದರು. ಕಾಳಿನ ಜೊತೆ ಜೊಳ್ಳೂ ಇದೆ, ಕೇರಿ ತೆಗೆದುಕೊಳ್ಳಬೇಕು.

ಆದರೆ ಅಬ್ಬರವೇ ಅಪರಾಧವೆಂಬ ವಾದ ನಮ್ಮ ನೆಲದಲ್ಲಿ ನಿಲ್ಲದು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಚೆಂಡೆಯ ಪೆಟ್ಟಿಗೆ ಬೆಳಗಿನ ಜಾವದಲ್ಲಿ ಎಚ್ಚರಗೊಂಡವರು ನಾವು. ಯಕ್ಷಗಾನದಲ್ಲಿ ಗುಂಡ್ಮಿ ಕಾಳಿಂಗ ನಾವಡರು ಹೊಸ ಬಗೆಯಲ್ಲಿ ಭಾಗವತಿಕೆ ಮಾಡಿದಾಗ ಮೂಗು ಮುರಿದ ಹಿರಿಯರಿದ್ದರು. 1990ರಲ್ಲಿ ಎಳೆಯ ಪ್ರಾಯದಲ್ಲೇ ಅವರು ಅಪಘಾತದಲ್ಲಿ ತೀರಿಕೊಂಡರು. ಇಂದು ಬಡಗುತಿಟ್ಟಿನ ಅಭಿಮಾನಿಗಳು ಅವರ ಧ್ವನಿಮುದ್ರಿಕೆಗಳನ್ನು ನಿಧಿಯಂತೆ ಕಾಪಾಡುತ್ತಾರೆ.

ಇಷ್ಟನ್ನೂ ಬರೆಯಲು ಕಾರಣ ಕಿರಿಮಂಜೇಶ್ವರದ ಒಂದು ಮನೆ. ಹೆದ್ದಾರಿಯಿಂದ ಕೊಡೇರಿಯ ಕಡಲಿನತ್ತ ಇಳಿಯುವ ದಾರಿಯಲ್ಲಿ ವಾಸವಾಗಿರುವ ದಂಪತಿಗಳು ಕಳವಳದಿಂದ ನನ್ನ ಬಳಿ ಬಂದಿದ್ದರು. ಪಿಯುಸಿ ಓದುತ್ತಿರುವ ಮಗ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮೂರು ಮಂದಿ ಗೆಳೆಯರೊಡನೆ ಹಟ್ಟಿಯ ಪಕ್ಕದ ಕೋಣೆಯಲ್ಲಿ ಗದ್ದಲವೆಬ್ಬಿಸುತ್ತಾನೆ. ಹಸು ಹಾಲು ಕಡಿಮೆ ಕೊಡುತ್ತಿದೆಯೆಂಬ ದೂರೂ ಸೇರಿತ್ತು. ನಾನು ಬುದ್ಧಿ ಹೇಳಿ ಬಿಡಿಸಬೇಕೆಂಬುದು ಅವರ ಬೇಡಿಕೆ. ಹುಡುಗನನ್ನು ಕರೆದು ನುಡಿಸಲು ಹೇಳಿದೆ. ಎಡಗೈಯ ಬೆರಳ ತುದಿಗಳು ಗಟ್ಟಿಯಾಗಿ ಕಪ್ಪಾಗಿದ್ದವು. ದಿನಕ್ಕೆ ಎರಡು ಗಂಟೆಗಳ ಅಭ್ಯಾಸವಿಲ್ಲದೆ ಹಾಗಾಗದು. ಶ್ರುತಿ ಸ್ವಲ್ಪ ತಪ್ಪಿತ್ತು, ತಾಳ ತಪ್ಪಿರಲಿಲ್ಲ.

ಅದೇ ದಂಪತಿಗಳು ಮುಂದಿನ ಭಾನುವಾರ ಗಾಯನ ಮಂಡಳಿಯಲ್ಲಿ ನಿಂತು ಹಾಡುತ್ತಿದ್ದರು. ಜೊತೆಗೆ ವಯಲಿನ್ ಇಲ್ಲ, ಆರ್ಗನ್ ಬಾರಿಸುವವರಿಲ್ಲ. ಪೆನ್‌ಡ್ರೈವಿನಲ್ಲಿ ಕೊಂಡು ತಂದ ಕರೋಕೆ ಟ್ರ್ಯಾಕು ಧ್ವನಿವರ್ಧಕದಲ್ಲಿ ನುಡಿಯುತ್ತದೆ. ಮಂಡಳಿಯವರು ಅದರ ಹಿಂದೆ ಓಡುತ್ತಾರೆ. ಯಾಜಕನು ಪಾತ್ರೆ ತೊಳೆದು ಮುಗಿಸಿದರೂ ಟ್ರ್ಯಾಕಿನ ಮೂರನೆಯ ಚರಣ ಮುಗಿಯುವುದಿಲ್ಲ. ನಾಲ್ಕು ಸ್ವರಗಳಲ್ಲಿ ಹಾಡುವ ರೂಢಿ ಅನೇಕ ಕಡೆ ಅಳಿದಿದೆ. ವಾದ್ಯ ಬಲ್ಲವರು ಬೆಂಗಳೂರಿಗೋ ಗಲ್ಫಿಗೋ ಹೊರಟುಹೋದರೆಂಬುದು ನಿಜ. ಆದರೆ ಹೊಸಬರು ಕಲಿಯದಿರಲು, ಕಲಿಯದೆಯೂ ಕೆಲಸ ನಡೆಯುತ್ತದೆಂಬ ಸೌಲಭ್ಯವೇ ಮುಖ್ಯ ಕಾರಣ.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆಯನ್ನು ಗಮನಿಸಬೇಕು. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ದೇವಾಲಯದೊಳಗೆ ಪಿಯಾನೊವನ್ನೂ ಡ್ರಮ್ಮಿನಂತಹ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದ್ದು ಹೌದು. ಅರುವತ್ತು ವರ್ಷಗಳ ಬಳಿಕ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿಗೆ ಹಿರಿತನ ನೀಡುತ್ತಲೇ ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಇವೆರಡರ ನಡುವೆ 1958ರ ಸೆಪ್ಟೆಂಬರಿನಲ್ಲಿ ರೋಮ್ ಹೊರಡಿಸಿದ ಪವಿತ್ರ ಸಂಗೀತದ ನಿರ್ದೇಶನವೊಂದಿದೆ. ಅದನ್ನು ನೆನೆಯುವವರು ವಿರಳ. ತಾನಾಗಿ ನುಡಿಯುವ ಆರ್ಗನ್, ಗ್ರಾಮೊಫೋನ್, ರೇಡಿಯೊ, ಟೇಪ್ ರೆಕಾರ್ಡರ್ ಮುಂತಾದ ಯಂತ್ರಗಳನ್ನು ಆರಾಧನೆಯಲ್ಲಿ ಬಳಸುವುದನ್ನು ಅದು ಸಂಪೂರ್ಣವಾಗಿ ತಡೆದಿತ್ತು. ಕಾರಣ ಸರಳ: ಆರಾಧನೆ ಮನುಷ್ಯನ ಕ್ರಿಯೆ, ಯಂತ್ರವು ಅವನ ಪರವಾಗಿ ಆರಾಧಿಸಲಾರದು. ನಾವಾದರೋ ಗಿಟಾರಿಗೆ ಹೆದರಿ ಪೆನ್‌ಡ್ರೈವನ್ನು ಬಲಿಪೀಠದ ಪಕ್ಕಕ್ಕೆ ಬರಮಾಡಿಕೊಂಡಿದ್ದೇವೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಪ್ಲೇಟೋ ಕೆಲವು ರಾಗಪದ್ಧತಿಗಳನ್ನು ತನ್ನ ಆದರ್ಶ ರಾಜ್ಯದಿಂದ ಹೊರಗಟ್ಟಿದ ಪ್ರಸಂಗವನ್ನು ನಾವೆಲ್ಲ ಕಲಿತೆವು. ಹೆತ್ತವರಿಗೆ ಪ್ಲೇಟೋ ಪ್ರಿಯನಾಗುವುದು ಸಹಜ. ನನಗೆ ಅರಿಸ್ಟಾಟಲನ ಮಾತು ಹೆಚ್ಚು ಹಿಡಿಸುತ್ತದೆ: ಮಕ್ಕಳು ತಾವೇ ಹಾಡಿ ನುಡಿಸಿ ಕಲಿಯಬೇಕು, ಸ್ವತಃ ಕೈಹಾಕದವನು ಮುಂದೆ ಸಂಗೀತದ ಗುಣಾವಗುಣಗಳನ್ನು ಅಳೆಯಲಾರ. ಎಳೆಯ ಮಕ್ಕಳ ಕೈಗೊಂದು ಗಿಲಕಿ ಕೊಡಿ, ಇಲ್ಲದಿದ್ದರೆ ಮನೆಯ ಸಾಮಾನು ಒಡೆಯುತ್ತಾರೆಂದೂ ಆತ ಅಲ್ಲೇ ಹೇಳುತ್ತಾನೆ. ಎಲೆಕ್ಟ್ರಿಕ್ ಗಿಟಾರು ಹದಿನೇಳರ ಹುಡುಗನ ಗಿಲಕಿ ಎಂದರೆ ತಪ್ಪಾಗದು.

ಅಂದಿಗೂ ಇಂದಿಗೂ ಸಂಗೀತ ಕೆಟ್ಟಿದೆಯೆಂದು ನಾನು ಒಪ್ಪುವುದಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ರಿಪ್ಟೋಸ್ ಎಂಬ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ರಾಜ್ಯದ ಮೂಲೆಮೂಲೆಯ ಯುವಕರು ರೈಲು, ಬಸ್ಸು ಹತ್ತಿ ಹೋದರು. ನಮ್ಮ ಕೊಂಕಣಿಯಲ್ಲೂ ಕೈಯಿಂದ ಮಾಡಿದ ಸಂಗೀತಕ್ಕೆ ಬರವಿರಲಿಲ್ಲ. 2010ರಲ್ಲಿ ಅಗಲಿದ ವಿಲ್ಫಿ ರೆಬಿಂಬಸ್ ದಶಕಗಳ ಕಾಲ ವಾದ್ಯವೃಂದದೊಡನೆ ಊರೂರು ಸುತ್ತಿ ಹಾಡಿದರು. ಮಾಂಡ್ ಸೊಭಾಣ್ 2008ರ ಜನವರಿಯಲ್ಲಿ ಮಂಗಳೂರಿನ ಕಲಾಂಗಣದಲ್ಲಿ 40 ಗಂಟೆಗಳ ಕಾಲ ನಿಲ್ಲದೆ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಕೆಟ್ಟಿರುವುದೇನಾದರೂ ಇದ್ದರೆ ಅದು ನಮ್ಮ ತಾಳ್ಮೆ. ಹುಡುಗನೊಬ್ಬ ಆರು ತಿಂಗಳು ಅಪಸ್ವರ ನುಡಿಸುವುದನ್ನು ಸಹಿಸಿಕೊಳ್ಳುವ ಮನೆಗಳು ಈಗೆಷ್ಟಿವೆ?

ಆ ದಂಪತಿಗಳಿಗೆ ನಾನು ಬುದ್ಧಿ ಹೇಳಲಿಲ್ಲ. ಹುಡುಗನಿಗೊಂದು ಕರಾರು ಮುಂದಿಟ್ಟೆ. ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ಚರ್ಚಿನ ಸಭಾಭವನ ನಾಲ್ವರಿಗೂ ತೆರೆದಿರುತ್ತದೆ. ಏನು ಬೇಕಾದರೂ ನುಡಿಸಲಿ, ಬಾಗಿಲು ಮುಚ್ಚಿರಲಿ. ಪ್ರತಿಯಾಗಿ ಕ್ರಿಸ್ಮಸ್ಸಿನೊಳಗೆ ಪೂಜೆಯ ಐದು ಗೀತೆಗಳನ್ನು ಆರಾಧನೆಗೆ ತಕ್ಕ ಹದದಲ್ಲಿ, ಹಾಡುವವರ ಉಸಿರಿಗೆ ಹೊಂದಿಕೊಂಡು ನುಡಿಸಲು ಕಲಿಯಬೇಕು. ಪಾಲನಾ ಮಂಡಳಿಯಲ್ಲಿ ಇಬ್ಬರು ವಿರೋಧಿಸಿದರು. ಒಬ್ಬರು, ತಮ್ಮ ಕಾಲದಲ್ಲಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು, ತಾವೇ ಬಂದು ಕುಳಿತುಕೊಳ್ಳುವುದಾಗಿ ಹೇಳಿದರು. ಡ್ರಮ್ ಬಾರಿಸುವ ಹುಡುಗ ಸದ್ಯಕ್ಕೆ ಪ್ಲಾಸ್ಟಿಕ್ ಬಕೆಟ್ಟುಗಳ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಡ್ರಮ್ ಸೆಟ್ಟು ಧೂಳು ಹಿಡಿಯುತ್ತಿದ್ದರೆ, ಚರ್ಮ ಹರಿದಿದ್ದರೂ ಚಿಂತೆಯಿಲ್ಲ, ದಯವಿಟ್ಟು ತಿಳಿಸಿ. ಸಾಗಿಸುವ ವ್ಯವಸ್ಥೆ ನಾವೇ ಮಾಡುತ್ತೇವೆ.